ಮೂರನೆಯ ಹೆಸರು

ಗೋಣೆಪ್ಪನ ಎದುರು ಯಾರಾದರೂ "ಒಂದು ಬಿಲ್ಲು ಮಾಡ್ಕೊಡು" ಅಂದರೆ ಅವನು ತಲೆ ಎತ್ತದೆಯೇ, "ಮಾಡಾಕೆ ಅದೇನು ಮುದ್ದೆನಾ? ಬಿಲ್ಲು ಕಟ್ತಾರೆ," ಅನ್ನುತ್ತಿದ್ದ. ಬಂದವನು ತಪ್ಪು ತಿದ್ದಿಕೊಂಡು ಮತ್ತೆ ಕೇಳುವ ತನಕ ಅವನ ಕೈಯ ಬಾಚಿ ನಿಲ್ಲುತ್ತಿರಲಿಲ್ಲ. ಇಂಥ ಮೂತಿಯ ಮನುಷ್ಯನ ಹತ್ತಿರ ಜನ ಯಾಕೆ ಬರುತ್ತಿದ್ದರು ಎಂದರೆ, ಅವನು ಕಟ್ಟಿದ ಬಿಲ್ಲು ಹಿಡಿದವನು ಇನ್ನೊಬ್ಬನ ಬಿಲ್ಲು ಮುಟ್ಟುತ್ತಿರಲಿಲ್ಲ. ಜಗಳೂರಿನಿಂದ ಎರಡು ಹರದಾರಿ ದೂರದ ಆ ಹಟ್ಟಿಯಲ್ಲಿ ನಲವತ್ತು ಮನೆಗಳಿದ್ದವು. ಎಲ್ಲವೂ ಬೇಟೆಗೆ ಹೋಗುವ ನಾಯಕರ ಮನೆಗಳು. ಒಂದೊಂದರ ಗೋಡೆಯ ಗೂಟದಲ್ಲೂ ಗೋಣೆಪ್ಪನದೋ ಅವನ ಅಪ್ಪನದೋ ಕೈಯ ಬಿಲ್ಲು ತೂಗುತ್ತಿತ್ತು. ಅವನ ಮನೆತನದಲ್ಲಿ ಅದು ಮೂರನೆಯ ತಲೆಮಾರಿನ ಕಸುಬು.

ಬರೀ ಮರದ ಬಿಲ್ಲನ್ನು ಯಾರು ಬೇಕಾದರೂ ಕೆತ್ತಿಯಾರು. ಗೋಣೆಪ್ಪನದು ನರ ಹಾಕಿದ ಬಿಲ್ಲು. ಮರದ ಹೊರಮೈಗೆ, ಅಂದರೆ ಹೆದೆ ಎಳೆದಾಗ ಸೀಳಿಹೋಗಲು ಹವಣಿಸುವ ಬೆನ್ನಿನ ಭಾಗಕ್ಕೆ, ಜಿಂಕೆಯ ಬೆನ್ನುನರವನ್ನು ಅಂಟಿಸಿದರೆ ಮರ ಸೀಳುವುದಿಲ್ಲ. ಮೊಳ ಕಡಿಮೆ ಉದ್ದದ ಬಿಲ್ಲು ಎರಡರಷ್ಟು ಜೋರಿನಿಂದ ಅಂಬು ಬಿಡುತ್ತದೆ. ಮುಳ್ಳುಕಂಟಿಯ ಒಳಗೆ ಮೊಣಕಾಲೂರಿ ಹಂದಿಗೆ ಗುರಿ ಹಿಡಿಯುವವನಿಗೆ ಇಂಥ ಗಿಡ್ಡ ಬಿಲ್ಲೇ ಬೇಕು.

ಅದಕ್ಕೆ ಬೇಕಾದ ತಡಸಲು ಮರ ಜಗಳೂರಿನ ಬಯಲಿನಲ್ಲಿ ಎಲ್ಲಿಂದ ಬರಬೇಕು? ಪ್ರತಿ ವರ್ಷ ದಸರೆ ಮುಗಿಯುತ್ತಲೇ ಗೋಣೆಪ್ಪ ಹೆಗಲಿಗೆ ಕಂಬಳಿ ಹಾಕಿಕೊಂಡು ಸವಳಂಗದ ಕಾಡಂಚಿಗೆ ಹೊರಡುತ್ತಿದ್ದ. ತ್ಯಾವಣಿಗೆಯಲ್ಲಿ ಊಟ, ಹೊನ್ನಾಳಿಯ ಹೊಳೆಯಲ್ಲಿ ಸ್ನಾನ, ನ್ಯಾಮತಿ ದಾಟಿದರೆ ಕಾಡಿನ ಗಾಳಿ. ಗಂಟಿಲ್ಲದ ನಾಲ್ಕು ದಿಮ್ಮಿ ಆರಿಸಲು ನಲವತ್ತು ಮರ ತಟ್ಟಿ ನೋಡುತ್ತಿದ್ದ. ತ್ಯಾವಣಿಗೆಯಲ್ಲಿ ಊಟ ಹಾಕುತ್ತಿದ್ದ ದೂರದ ನೆಂಟರ ಮನೆಯ ಹುಡುಗಿ ಗಾದ್ರಮ್ಮನನ್ನು ಇಂಥದೇ ಒಂದು ಪ್ರಯಾಣದಲ್ಲಿ ಕಂಡು ಮದುವೆಯಾದ. ಹಟ್ಟಿಯವರು, "ಗೋಣೆಪ್ಪ ಹೆಂಡ್ತೀನೂ ತಟ್ಟಿ ನೋಡೇ ತಂದಾನೆ," ಎಂದು ಬಹಳ ದಿನ ಗೇಲಿ ಮಾಡಿದರು.

ಗಾದ್ರಮ್ಮ ಒಬ್ಬಳೇ ಬರಲಿಲ್ಲ. ತಾಯಿ ಸತ್ತ ಮೇಲೆ ತಾನೇ ಸೊಂಟದ ಮೇಲೆ ಹೊತ್ತು ಸಾಕಿದ್ದ ತಮ್ಮನನ್ನೂ ಕರೆದುಕೊಂಡು ಬಂದಳು. ಅವನ ಹೆಸರು ಗಿಡ್ಡಪ್ಪ. ಹೆಸರಿಟ್ಟವರ ಲೆಕ್ಕ ತಪ್ಪಿತ್ತು, ಇಪ್ಪತ್ತೈದು ವರ್ಷಕ್ಕೆ ಅವನು ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಳ್ಳುವಷ್ಟು ಎತ್ತರಕ್ಕೆ ಬೆಳೆದ. ಹಟ್ಟಿಯಲ್ಲಿ ಅವನಂಥ ಬೇಟೆಗಾರ ಇನ್ನೊಬ್ಬನಿರಲಿಲ್ಲ. ಗೋಣೆಪ್ಪನಿಗೂ ಗಾದ್ರಮ್ಮನಿಗೂ ಮಕ್ಕಳಾಗಲಿಲ್ಲ. ಆ ಕೊರಗು ಅವರಿಗೆ ಅಷ್ಟಾಗಿ ಇರಲಿಲ್ಲ ಎಂದರೆ ಅದಕ್ಕೆ ಈ ಉದ್ದನೆಯ ಗಿಡ್ಡಪ್ಪನೇ ಕಾರಣ.

ಇನ್ನು ಬಿಲ್ಲಿನ ಮನೆಯ ಒಂದು ಪದ್ಧತಿ ಹೇಳಬೇಕು. ನರವನ್ನು ಕೊಡತಿಯಿಂದ ಬಡಿದು, ಎಳೆಎಳೆಯಾಗಿ ಬಿಡಿಸಿ, ನೆನೆಸಿ, ಬಿಸಿ ಅಂಟಿನಲ್ಲಿ ಅದ್ದಿ ಮರದ ಮೇಲೆ ಹಾಸಬೇಕು. ಅಂಟು ಎಂದರೆ ತೊಗಲಿನ ಚೂರುಗಳನ್ನು ಕುದಿಸಿ ಇಳಿಸಿದ್ದು. ಅದು ತಣ್ಣಗಾದರೆ ಹಿಡಿಯುವುದಿಲ್ಲ. ಬಿಸಿ ಹೆಚ್ಚಾದರೆ ಇನ್ನೂ ಕೆಟ್ಟದ್ದು, ನರ ಬೆಂದು ಮುದುಡಿ ಸತ್ವ ಕಳೆದುಕೊಳ್ಳುತ್ತದೆ. ಆ ಹದವನ್ನು ನೋಡುವುದು ಬೆರಳಿನಿಂದ. ಬಲಗೈ ತೋರುಬೆರಳನ್ನು ಅಂಟಿನಲ್ಲಿ ಅದ್ದಿ, ನಿಧಾನವಾಗಿ, ಉಸಿರು ಬಿಟ್ಟು ಬಿಟ್ಟು, ಮೂರು ಹೆಸರು ಹೇಳಬೇಕು: "ಬಿಲ್ಲು ಕಟ್ಟಿದ ಬೊಮ್ಮಣ್ಣ. ಬಿಲ್ಲು ಕಟ್ಟಿದ ಓಬಣ್ಣ. ಬಿಲ್ಲು ಕಟ್ಟೋ ಗೋಣೆಪ್ಪ." ಅಜ್ಜ, ಅಪ್ಪ, ತಾನು. ಮೂರನೆಯ ಹೆಸರು ಮುಗಿಯುವ ಹೊತ್ತಿಗೆ ಸರಿಯಾಗಿ ಬೆರಳು ತಡೆಯಲಾರದೆ ಹೊರಗೆ ಬಂದರೆ ಹದ ಬಂದಿದೆ. ಅದಕ್ಕೂ ಮೊದಲೇ ಬಂದರೆ ಮಡಕೆ ಇಳಿಸಿ ಕಾಯಬೇಕು. ಹಟ್ಟಿಯವರು ಇದನ್ನು ಹಿರಿಯರ ಪೂಜೆ ಎಂದು ತಿಳಿದಿದ್ದರು. ಪೂಜೆಯಲ್ಲ, ಅಳತೆ ಎಂಬುದು ಕಟ್ಟುವವನಿಗೆ ಗೊತ್ತಿತ್ತು. ಅದನ್ನು ಬಿಡಿಸಿ ಹೇಳುವ ತಾಳ್ಮೆ ಗೋಣೆಪ್ಪನಿಗೆ ಯಾವತ್ತೂ ಇರಲಿಲ್ಲ. ಹೇಳಿದ್ದರೆ ಆಗುತ್ತಿತ್ತು ಎಂದು ಅವನು ಆಮೇಲೆ ಎಷ್ಟು ಸಲ ಅಂದುಕೊಂಡನೋ.

ಸಾವಿರದ ಒಂಬೈನೂರ ಮೂವತ್ತೈದರಲ್ಲಿ ಅವನು ಕಟ್ಟಿದ ಎರಡು ಬಿಲ್ಲು ಕೆಟ್ಟವು. ಹೆದೆ ಏರಿಸುತ್ತಲೇ ಮೊದಲನೆಯದರ ನರ ಒಣಗಿದ ತೊಗಟೆಯ ಹಾಗೆ ಎದ್ದು ಬಂತು. ಮುದಿ ಜಿಂಕೆಯ ನರ ತಂದುಕೊಟ್ಟರೆಂದು ಬೇಟೆಯವರನ್ನು ಬೈದ. ಎರಡನೆಯದೂ ಹಾಗೇ ಆದಾಗ ತೊಗಲು ಕೊಟ್ಟವನನ್ನು ಬೈದ. ಬೈಯಲು ಜನ ಮುಗಿದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಗಾದ್ರಮ್ಮ ಅವನ ಕೈ ಹಿಡಿದುಕೊಂಡಳು.

"ಏನ್ರೀ ಇದು? ಬೆರಳು ಬೊಬ್ಬೆ ಬಂದು ಒಡೆದೈತೆ. ಆ ಕೈಯಾಗೇ ಮುದ್ದೆ ಮುರೀತಿದೀರಲ್ಲ, ಉರಿ ಆಗಾಕಿಲ್ವಾ?"

ಗೋಣೆಪ್ಪ ನೋಡಿಕೊಂಡ. ತೋರುಬೆರಳಿನ ತುದಿ ಸುಲಿದು ಕೆಂಪಗಾಗಿತ್ತು. ಉರಿ ಇರಲಿಲ್ಲ. ಉರಿ ಇಲ್ಲ ಎನ್ನುವುದೇ ಅವನಿಗೆ ಆಗ ಗೊತ್ತಾಯಿತು. ಎದ್ದು ಒಲೆಯಿಂದ ಒಂದು ಕೆಂಡ ಎಳೆದು ಬೆರಳಿಗೆ ತಾಗಿಸಿದ. ಚರ್ಮ ಚುರ್ ಎಂದಿತು. ಅವನಿಗೆ ಏನೂ ಆಗಲಿಲ್ಲ. ಮೊಣಕೈ ಹತ್ತಿರದ ಮಾಸಲು ಮಚ್ಚೆಯನ್ನು ಅವನು ಎರಡು ವರ್ಷದಿಂದ ಹುಳುಕಡ್ಡಿ ಎಂದುಕೊಂಡಿದ್ದ. ಗಾದ್ರಮ್ಮ ಅದರ ಮೇಲೆ ಉಗುರಿನಿಂದ ಚಿವುಟಿದಳು. ಅದೂ ಗೊತ್ತಾಗಲಿಲ್ಲ. ದೊಡ್ಡ ರೋಗದ, ಅಂದರೆ ಕುಷ್ಠದ, ಗುರುತನ್ನು ಆ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಹತ್ತು ವರ್ಷದ ಹಿಂದೆ ಇದೇ ರೋಗ ಬಂದ ಉಡಚಮ್ಮ ಎಂಬ ಹೆಂಗಸನ್ನು ಹಟ್ಟಿಯಿಂದ ಹೊರಗೆ, ಬಂಡೆಗಳ ಬುಡದ ಗುಡಿಸಿಲಿಗೆ ಕಳಿಸಿದ್ದರು. ಅನ್ನವನ್ನು ಒಂದು ಕಲ್ಲಿನ ಮೇಲಿಟ್ಟು ದೂರ ಸರಿಯುತ್ತಿದ್ದರು. ಮೂರು ಮಳೆಗಾಲ ಕಳೆದು ಅವಳು ಅಲ್ಲೇ ಸತ್ತಳು. ಅವಳನ್ನು ಕಳಿಸಿದ ದಿನ ಗೋಣೆಪ್ಪನೂ ಗುಂಪಿನಲ್ಲಿ ನಿಂತಿದ್ದ. ಬಾಯಿ ಬಿಟ್ಟಿರಲಿಲ್ಲ. ಪಟ್ಟಣದ ಆಸ್ಪತ್ರೆಗಳಲ್ಲಿ ಅದಕ್ಕೆ ಎಣ್ಣೆಯ ಸೂಜಿ ಚುಚ್ಚುತ್ತಾರೆಂದು ಅವನು ಕೇಳಿದ್ದ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಹಟ್ಟಿಯವನೊಬ್ಬ ಕಂಡರೆ ಸೂಜಿಗಿಂತ ಮೊದಲು ಸುದ್ದಿ ಊರು ಸೇರುತ್ತದೆ. "ಕಾಣೋ ಜಾಗಕ್ಕೆ ಬಂದಿಲ್ಲ, ಮುಚ್ಕೊಂಡಿರಾಣ," ಎಂದಳು ಗಾದ್ರಮ್ಮ. ಅಂದಿನಿಂದ ಅವನು ತುಂಬುತೋಳಿನ ಅಂಗಿ ಹಾಕತೊಡಗಿದ.

ಬಿಲ್ಲು ಕಟ್ಟುವುದನ್ನು ಬಿಟ್ಟುಬಿಡುವುದೆಂದೂ ನಿಶ್ಚಯವಾಯಿತು. ಬೆನ್ನುನೋವು ಎಂದು ಹೇಳಿದರೆ ಜನ ನಂಬುತ್ತಿದ್ದರೋ ಏನೋ. ಆದರೆ ಮರುವರ್ಷ ದೀಪಾವಳಿಯ ಹೊತ್ತಿಗೆ ಗಿಡ್ಡಪ್ಪ ಬಾಗಿಲಲ್ಲಿ ಹಣೆ ಬಡಿಸಿಕೊಂಡೇ ಒಳಗೆ ಬಂದ.

"ಭಾವ, ಯುಗಾದಿ ಬೇಟೆಗೆ ಈ ವರ್ಷ ನನ್ನ ಮುಂದಾಳು ಮಾಡ್ಯಾರೆ. ಮೊದಲ್ನೇ ಅಂಬು ನಂದು. ನನ್ನ ಬಿಲ್ಲು ಹಳೇದಾತು, ಹೊಸದೊಂದು ಮಾಡ್ಕೊಡು."

ಗೋಣೆಪ್ಪ ತಲೆ ಎತ್ತಲಿಲ್ಲ. ಗಿಡ್ಡಪ್ಪ ನಕ್ಕು, "ಆತು ಮಾರಾಯ, ಕಟ್ಕೊಡು," ಎಂದು ತಿದ್ದಿದ.

"ಬೆನ್ನು ನೋವು ಕಣೋ. ಕೂರಾಕೆ ಆಗಾಕಿಲ್ಲ."

"ನನಗೂ ಇಲ್ಲ ಅಂತೀಯಾ? ಹಟ್ಟಿಯೋರು ಏನಂತಾರೆ? ಗೋಣೆಪ್ಪ ತನ್ನ ಮನೆಯೋನಿಗೇ ಬಿಲ್ಲು ಕೊಡಲಿಲ್ಲ, ಏನೋ ಐತೆ ಅಂತಾರೆ." ಗಿಡ್ಡಪ್ಪ ಮುನಿಸಿನಿಂದ ಆಡಿದ ಮಾತು ಅಷ್ಟೇ. ಆದರೆ 'ಏನೋ ಐತೆ' ಎಂಬ ಎರಡು ಪದ ಗಂಡ ಹೆಂಡತಿ ಇಬ್ಬರ ಎದೆಗೂ ನಾಟಿದವು.

ಅವನು ಹೋದ ಮೇಲೆ ಗಾದ್ರಮ್ಮ ಹೇಳಿದಳು: "ನಿಮ್ಮ ಬೆರಳು ಸತ್ತರೆ ನನ್ನದು ಸತ್ತಿಲ್ಲವಲ್ಲ. ನಾನು ಅದ್ದಿ ನೋಡ್ತೀನಿ."

"ಅಂಟು ಒಲೆ ಮೇಲಿದ್ದಾಗ ಹೆಂಗಸರು ಬಿಲ್ಲಿನ ಮನೆಗೆ ಬರಂಗಿಲ್ಲ. ನಮ್ಮಪ್ಪ ಹೇಳಿದ್ದು."

"ನಿಮ್ಮಪ್ಪನ ಬೆರಳು ಈಗ ಎಲ್ಲೈತೆ? ಅದನ್ನೇ ಕರೆಸ್ರಿ ಮತ್ತೆ."

ವರ್ಷದ ಮೇಲೆ ಮೊದಲ ಸಲ ಗೋಣೆಪ್ಪನಿಗೆ ನಗು ಬಂತು.

ಹಿಂದಿನ ಸಾಲಿನ ಒಂದು ದಿಮ್ಮಿ ಅಟ್ಟದಲ್ಲಿ ಚೆನ್ನಾಗಿ ಒಣಗಿತ್ತು. ಅದನ್ನು ಕೆತ್ತಿ, ಕಾಯಿಸಿ ಬಾಗಿಸಿ ಚೌಕಟ್ಟಿಗೆ ಬಿಗಿದ. ಹಟ್ಟಿಯವರೆಲ್ಲ ಹೊಲಕ್ಕೆ ಹೋದ ಹೊತ್ತು ನೋಡಿ ಗಾದ್ರಮ್ಮ ಬಿಲ್ಲಿನ ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ನರದ ಎಳೆ ಅಂಟಿನಿಂದ ಎತ್ತಿದ ಕೂಡಲೇ ಮರಕ್ಕೆ ಕೂರಬೇಕು. ಹಾಗಾಗಿ ಗೋಣೆಪ್ಪ ಗೋಡೆಯ ಕಡೆ ಮುಖ ಮಾಡಿ, ನೆನೆದ ಎಳೆಗಳನ್ನು ಕೈಯಲ್ಲಿ ಹಿಡಿದು ಕಾದ. ಬೆನ್ನ ಹಿಂದಿನ ಒಲೆಯ ಹತ್ತಿರ ಅವಳು ಬೆರಳು ಅದ್ದಿದಳು.

"ಬಿಲ್ಲು ಕಟ್ಟಿದ ಬೊಮ್ಮಣ್ಣ," ಎಂದಳು ಮೆಲ್ಲಗೆ. "ಬಿಲ್ಲು ಕಟ್ಟಿದ ಓಬಣ್ಣ." ಆಮೇಲೆ ಮಾತಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಸರಿ ಐತೆ, ತಗಳ್ರಿ," ಎಂದಳು.

ಮದುವೆಯಾದ ಇಪ್ಪತ್ತು ವರ್ಷದಲ್ಲಿ ಗಾದ್ರಮ್ಮ ಗಂಡನ ಹೆಸರು ಬಾಯಲ್ಲಿ ತಂದವಳಲ್ಲ. ಶಾನುಭೋಗರು ಬಂದು ಯಜಮಾನನ ಹೆಸರು ಕೇಳಿದರೆ ಪಕ್ಕದ ಮನೆಯ ದುರುಗಮ್ಮನನ್ನು ಕೂಗಿ ಹೇಳಿಸುತ್ತಿದ್ದಳು. ಮೂರನೆಯ ಹೆಸರನ್ನು ಅವಳು ಮನಸ್ಸಿನಲ್ಲಿ ಹೇಳಿಕೊಂಡಳು ಎಂದು ಗೋಣೆಪ್ಪ ತಿಳಿದ. ಅವಳ ಮನಸ್ಸಿನಲ್ಲಿ ತನ್ನ ಹೆಸರು ಓಡುವುದನ್ನು ನೆನೆದು ಅವನಿಗೆ ಒಳಗೊಳಗೇ ಸುಖವಾಯಿತು. ನಾಚಿಕೆಯೂ ಆಯಿತು. ತಿರುಗಿ ನೋಡದೆ ಎಳೆ ಅದ್ದಿ ಹಾಸತೊಡಗಿದ. ಬಾಗಿಲು ಹಾಕಿದ ಕೋಣೆಯಲ್ಲಿ ಬೆಳಕು ಕಡಿಮೆ. ಎಳೆ ಕೈಯಲ್ಲಿ ಮುದುಡಿದರೆ ಹೇಳಬೇಕಾಗಿದ್ದ ಬೆರಳುಗಳು ಏನನ್ನೂ ಹೇಳಲಿಲ್ಲ.

ಎಂಟೆಂಟು ದಿನ ಬಿಟ್ಟು ಮೂರು ಪದರ ಹಾಕಿದರು. ಮೂರು ಸಲವೂ ಅವಳೇ ಬೆರಳು ಅದ್ದಿದಳು. ಆ ಒಂದು ತಿಂಗಳು ಗೋಣೆಪ್ಪನ ಮನೆಯಲ್ಲಿ ರೋಗದ ಮಾತು ಬರಲಿಲ್ಲ. ಹೀಗೇ ಇನ್ನೂ ಹತ್ತು ವರ್ಷ ನಡೆಸಬಹುದು ಎಂದು ಅವನಿಗೆ ಅನ್ನಿಸಿತು. ಅವಳ ಬೆರಳು ಇರುವ ತನಕ ತಾನು ಬಿಲ್ಲು ಕಟ್ಟುವವನೇ, ಹಟ್ಟಿಯವನೇ.

ಬಿಲ್ಲು ಮೂರು ತಿಂಗಳು ನೆರಳಲ್ಲಿ ಒಣಗಿತು. ಶಿವರಾತ್ರಿ ಕಳೆದು ಹೆದೆ ಏರಿಸಿದಾಗ ಎಲ್ಲಿಯೂ ಬಿರುಕಿರಲಿಲ್ಲ. ಗಿಡ್ಡಪ್ಪ ಎಳೆದು ನೋಡಿ ಅಕ್ಕನ ಮುಂದೆ ಕುಣಿದ. "ಅಕ್ಕಾ, ಇದು ಭಾವ ಕಟ್ಟಿದ್ದರಾಗೇ ಚೊಲೋದು!" ಗಾದ್ರಮ್ಮ ಗಂಡನ ಕಡೆ ನೋಡಿ ತುಟಿ ಒತ್ತಿ ಹಿಡಿದಳು. ಅವಳ ಮುಖದಲ್ಲಿ ಅಷ್ಟು ಜಂಬವನ್ನು ಗೋಣೆಪ್ಪ ಯಾವತ್ತೂ ಕಂಡಿರಲಿಲ್ಲ.

ಯುಗಾದಿಯ ಮರುದಿನ ಬೇಟೆ ಹೊರಟಿತು. ಬಿಸಿಲು ಏರಿದ ಹೊತ್ತಿಗೆ ಕಂಟಿಯಿಂದ ಒಂಟಿ ಹಂದಿ ಎದ್ದಿತಂತೆ. ಮುಂದಾಳು ಗಿಡ್ಡಪ್ಪ ಮೊಣಕಾಲೂರಿ, ಹತ್ತು ಮಾರು ದೂರ ಬರುವ ತನಕ ಬಿಟ್ಟು, ಕಿವಿಯವರೆಗೆ ಹೆದೆ ಎಳೆದನಂತೆ. ಬಿಲ್ಲು ಹಿಡಿಯ ಮೇಲ್ಭಾಗದಲ್ಲಿ ಎರಡು ತುಂಡಾಯಿತು. ಅವನಿಗೆ ಏಳಲು ಹೊತ್ತು ಸಿಗಲಿಲ್ಲ. ಹಂದಿಯ ಕೋರೆ ತೊಡೆಯ ಬುಡವನ್ನು ಸೀಳಿತು. ಕಂಬಳಿಯಲ್ಲಿ ಹೊತ್ತು ಓಡಿ ಬಂದರೂ ಹಟ್ಟಿ ಮುಟ್ಟುವ ಹೊತ್ತಿಗೆ ಉಸಿರಿರಲಿಲ್ಲ.

ಗಾದ್ರಮ್ಮನ ಅಳುವಿನ ವಿಚಾರ ಬರೆಯಲಾರೆ. ತಮ್ಮನ ಹೆಣದ ಪಕ್ಕ ಕೂತು ಅವಳು, "ಎದೆಹಾಲು ಇಲ್ಲದೆ ರಾಗಿಗಂಜಿ ಕುಡಿಸಿ ಸಾಕಿದ್ನಲ್ಲೋ," ಎಂದು ಒಂದೇ ಮಾತನ್ನು ಸಂಜೆಯವರೆಗೆ ಹೇಳಿದಳು.

ಮೂರನೆಯ ದಿನ ಗೋಣೆಪ್ಪ ಮುರಿದ ಬಿಲ್ಲನ್ನು ತೆಗೆದುಕೊಂಡು ಕೂತ. ಚಾಕುವಿನಿಂದ ನರವನ್ನು ಪದರ ಪದರವಾಗಿ ಬಿಡಿಸಿದ. ಮೇಲಿನದು ಬೆಂದಿತ್ತು. ಅದರ ಕೆಳಗಿನದೂ ಬೆಂದಿತ್ತು. ಮರಕ್ಕೆ ತಾಗಿದ್ದ ಮೊದಲ ಪದರವೂ ಸುಟ್ಟ ಕೂದಲಿನ ಹಾಗೆ ಮುದುಡಿ, ಉಗುರು ತಾಗಿದರೆ ಪುಡಿಯಾಗುತ್ತಿತ್ತು. ನಾಲ್ಕು ತಿಂಗಳು ಅಂಟೇ ಬಿಲ್ಲನ್ನು ಹಿಡಿದಿತ್ತು, ನರವಲ್ಲ. ಮೂರು ಸಲವೂ ಅಂಟು ಬಿಸಿಯಾಗಿತ್ತು. ಅದು ಹೇಗೆ? ಗಾದ್ರಮ್ಮನ ಬೆರಳು ಸುಳ್ಳು ಹೇಳುವಂಥದ್ದಲ್ಲ.

ಅವಳು ಗೋಡೆಗೆ ಒರಗಿ ಕೂತಿದ್ದಳು. ಗೋಣೆಪ್ಪ ಬೇರೆ ಏನೋ ಮಾತಾಡುವವನ ಹಾಗೆ ಕೇಳಿದ: "ಗಾದ್ರಿ, ಅಂಟಿಗೆ ಬೆರಳು ಅದ್ದಿದಾಗ ಎಷ್ಟು ಹೊತ್ತು ತಡ್ಕೊಂತಿದ್ದೆ?"

"ಎರಡು ಹೆಸರು ಹೇಳಿ ತೆಗೀತಿದ್ದೆ. ಅಷ್ಟೊತ್ತಿಗೆ ಜೀವ ಹೋದಂಗೆ ಆಗ್ತಿತ್ತು."

"ಮೂರ್ನೇದು?"

ಅವಳು ಅತ್ತು ಊದಿದ ಕಣ್ಣೆತ್ತಿ ಅವನನ್ನು ನೋಡಿದಳು. "ಮೂರ್ನೇದು ನಿಮ್ಮದಲ್ಲೇನ್ರೀ. ಸತ್ತೋರ ಹೆಸರು ಹೇಳಿದ್ರೆ ದೋಷ ಇಲ್ಲ, ಹೇಳ್ದೆ. ಬದುಕಿರೋ ಗಂಡನ ಹೆಸರು ಹೇಳಿದ್ರೆ ಆಯಸ್ಸು ಕಮ್ಮಿ ಆಗ್ತದೆ. ಅದೂ ಈ ಜಡ್ಡು ಬಂದಿರೋ ಹೊತ್ತಿನಾಗೆ ನಾನು ಹೆಂಗೆ ಹೇಳ್ಲಿ? ಮನಸ್ಸಿನಾಗೂ ನೆನೀಲಿಲ್ಲ. ಯಾಕೆ, ಪೂಜೆಗೆ ಅರೆಕೊರೆ ಆತಾ?"

ಗೋಣೆಪ್ಪ ಚಾಕು ಕೆಳಗಿಟ್ಟ. ಅಲ್ಲಿಯೇ ಇತ್ತು ಎಲ್ಲ. ಮೂರು ಹೆಸರಿನಷ್ಟು ತಡೆಯಬೇಕಾಗಿದ್ದ ಅಂಟನ್ನು ಅವಳು ಎರಡು ಹೆಸರಿಗೆ ಒಪ್ಪಿಕೊಂಡಿದ್ದಳು. ಗಂಡ ಬದುಕಲಿ ಎಂದು ನುಂಗಿದ ಒಂದು ಹೆಸರು ತಮ್ಮನನ್ನು ಕೊಂದಿತ್ತು. ಅವಳ ತಪ್ಪೇನಿತ್ತು? ಅದು ಅಳತೆ ಎಂದು ತಾನು ಒಂದು ಮಾತು ಹೇಳಿದ್ದರೆ ಅವಳು ಬೊಮ್ಮಣ್ಣನ ಹೆಸರನ್ನೇ ಮೂರು ಸಲ ಹೇಳುತ್ತಿದ್ದಳು. ತಿರುಗಿ ಕೂತು ನೋಡಿದ್ದರೂ ಆಗುತ್ತಿತ್ತು. ಅವನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

"ಸುಮ್ನೆ ಕೇಳ್ದೆ," ಎಂದ. "ಪೂಜೆಗೆ ಏನೂ ಆಗಿಲ್ಲ."

ಅವಳಿಗೆ ಇದು ಎಂದೆಂದಿಗೂ ಗೊತ್ತಾಗಬಾರದು. ಅವನ ಬದುಕಿನಲ್ಲಿ ಕಾಪಾಡಬೇಕಾದದ್ದು ಇನ್ನು ಅದೊಂದೇ ಉಳಿದಿತ್ತು.

ಹನ್ನೊಂದನೆಯ ದಿನ ಕಳೆದ ಮೇಲೆ ಹಿರಿಯರು ಕಟ್ಟೆಯ ಮೇಲೆ ಸೇರಿದರು. ಗೋಣೆಪ್ಪನ ಬಿಲ್ಲು ಮುರಿಯಿತು ಎಂದರೆ ಹಟ್ಟಿ ಸುಮ್ಮನೆ ಕೂರುವ ಮಾತಲ್ಲ. ಅದರ ಮೇಲೆ ದುರುಗಮ್ಮ ಒಂದು ಮಾತು ತೇಲಿಬಿಟ್ಟಿದ್ದಳು: ಬಿಲ್ಲಿನ ಮನೆಯ ಬಾಗಿಲು ಹಾಕಿದ್ದಾಗ ಒಳಗೆ ಬಳೆಯ ಸದ್ದು ಕೇಳಿತ್ತು. ಗೋಣೆಪ್ಪನನ್ನೂ ಗಾದ್ರಮ್ಮನನ್ನೂ ಕರೆಸಿದರು. ಹಟ್ಟಿಯ ಯಜಮಾನ ಕಲ್ಲೇಶಪ್ಪ ಚಿಲುಮೆ ಕೆಳಗಿಟ್ಟು ಗಾದ್ರಮ್ಮನ ಕಡೆ ತಿರುಗಿದ.

"ಏನವ್ವಾ, ಅಂಟು ಕಾಯಿಸುವಾಗ ನೀನು ಒಳಗಿದ್ದೆ ಅಂತಾರೆ. ಹೌದೇನು? ಏನು ಮಾಡ್ದೆ, ಬಿಡಿಸಿ ಹೇಳು."

ಬಿಡಿಸಿ ಹೇಳಿದರೆ ಎರಡು ಹೆಸರಿನ ಮಾತು ಬರುತ್ತದೆ. ಹತ್ತು ಜನ ಕೂತಲ್ಲಿ ಒಬ್ಬನಾದರೂ ಲೆಕ್ಕ ಹಾಕಿಯಾನು. ಗಾದ್ರಮ್ಮ ಬಾಯಿ ತೆರೆಯುವ ಮೊದಲೇ ಗೋಣೆಪ್ಪ ಎದ್ದು ನಿಂತ.

"ಅವಳನ್ನ ಕೇಳಬ್ಯಾಡ್ರಿ, ಯಜಮಾನ್ರೆ. ನೀರು ಕೊಡಾಕೆ ಬಂದು ಹೋದಳು ಅಷ್ಟೆ. ತಪ್ಪು ಇಲ್ಲೈತೆ."

ಅಂಗಿಯ ತೋಳು ಮೇಲೆ ಸರಿಸಿದ. ಚಿಲುಮೆಯ ಕೆಂಡವನ್ನು ಎತ್ತಿ ಬೆರಳುಗಳ ನಡುವೆ ಹಿಡಿದ. ಎಲ್ಲರೂ ನೋಡುತ್ತಿದ್ದಂತೆಯೇ ಚರ್ಮ ಕರಗಿ ಹೊಗೆ ಎದ್ದಿತು, ವಾಸನೆ ಬಂತು. ಅವನ ಮುಖ ಮಾತ್ರ ಹಾಗೇ ಇತ್ತು. ಯಾರೋ "ಅಯ್ಯೋ ಸಾಕು ಬಿಡೋ" ಎಂದು ಕೂಗಿದರು. ಅವನ ಹತ್ತಿರ ಕೂತವರು ಹಿಂದಕ್ಕೆ ಸರಿದರು. ಮೊದಲು ಸರಿದವನು ಕಲ್ಲೇಶಪ್ಪನೇ.

"ಬಿಸಿ ಗೊತ್ತಾಗದ ಕೈಯಾಗೆ ಅಂಟು ಹಾಕ್ದೆ. ನರ ಬೆಂದೈತೆ. ಗಿಡ್ಡಪ್ಪನ್ನ ನಾನೇ ಕೊಂದೆ," ಎಂದ ಗೋಣೆಪ್ಪ.

ಅವರು ಬೈಯಲಿಲ್ಲ, ಹೊಡೆಯಲಿಲ್ಲ. ಉಡಚಮ್ಮ ಇದ್ದ ಗುಡಿಸಿಲಿಗೆ ಹೊಸ ಹುಲ್ಲು ಹೊದಿಸಿಕೊಟ್ಟರು. ಮಾರನೆಯ ದಿನವೇ ಮನೆಮನೆಯ ಗೂಟದಿಂದ ಬಿಲ್ಲುಗಳು ಇಳಿದವು. ಯಾವುದು ಗೋಣೆಪ್ಪನದು, ಯಾವುದು ಅವನ ಅಪ್ಪನದು ಎಂದು ವಿಂಗಡಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಎಲ್ಲವನ್ನೂ ಹಟ್ಟಿಯ ಹಿಂದೆ ರಾಶಿ ಹಾಕಿ ಸುಟ್ಟರು. ಬಂಡೆಯ ಬುಡದಿಂದ ಗೋಣೆಪ್ಪ ಆ ಹೊಗೆಯನ್ನು ನೋಡಿದ. ಅದಕ್ಕಾಗಿ ಅವನು ಅಳಲಿಲ್ಲ. ಅಳುವಿಗೆ ಬೇರೆ ಕಾರಣವಿತ್ತು, ಅದು ಸಂಜೆ ಬಂತು.

ಗಾದ್ರಮ್ಮ ಗಂಜಿಯ ಮಡಕೆ ಹೊತ್ತು ಬಂದಳು. ಅನ್ನದ ಕಲ್ಲನ್ನು ದಾಟಿ ನೇರ ಗುಡಿಸಿಲಿನ ಬಾಗಿಲಿಗೇ ಬಂದು ಕೂತಳು.

"ನಾನೂ ಇಲ್ಲೇ ಇರ್ತೀನಿ. ಬಟ್ಟೆಬರೆ ಕಟ್ಟಿಟ್ಟೀನಿ, ಆಮ್ಯಾಕೆ ತರ್ತೀನಿ. ಅದಿರ್ಲಿ, ಅಲ್ಲಿ ಯಾಕ್ರೀ ಹಂಗೆ ಸುಳ್ಳು ಹೇಳಿದ್ರಿ? ಬಿಸಿ ನೋಡಿದ್ದು ನಾನಲ್ವಾ? ಮೂರು ಸಲನೂ ಸರಿ ಇತ್ತಲ್ಲ. ಮತ್ತೆ ನರ ಹೆಂಗೆ ಬೇಯ್ತು?"

ಗೋಣೆಪ್ಪ ಈ ಪ್ರಶ್ನೆಗೆ ಕಾದಿದ್ದ, ಆದರೆ ಇಷ್ಟು ಬೇಗ ಬರುತ್ತದೆಂದು ಎಣಿಸಿರಲಿಲ್ಲ. ಅವಳು ಇಲ್ಲೇ ಇದ್ದರೆ ದಿನಾ ಇದನ್ನೇ ಕೇಳುತ್ತಾಳೆ. ಕೇಳುತ್ತಾ ಕೇಳುತ್ತಾ ಒಂದು ದಿನ ತಾನೇ ಉತ್ತರ ಹುಡುಕಿಕೊಳ್ಳುತ್ತಾಳೆ.

"ಸರಿ ಇತ್ತು," ಎಂದ ನೆಲ ನೋಡುತ್ತಾ. "ನೀನು ಜಗಳೂರು ಸಂತೆಗೆ ಹೋದೆಯಲ್ಲ, ಅವತ್ತು ಆ ಮೂರು ಪದರನೂ ಕಿತ್ತು ಹಾಕ್ದೆ. ಹೆಂಗಸಿನ ಕೈಯ ಹದ ಅಂತ ಮನಸ್ಸು ಒಪ್ಪಲಿಲ್ಲ. ಬೇರೆ ನರ ತಗಂಡು ನಾನೊಬ್ಬನೇ ಹೊಸದಾಗಿ ಒಂದೇ ದಪ್ಪ ಪದರ ಹಾಕ್ದೆ."

ಅವಳು ತನ್ನ ತೋರುಬೆರಳನ್ನು ನೋಡಿಕೊಂಡಳು. ಹಟ್ಟಿಯ ಕಡೆ ಯಾರದೋ ಕುರಿಗಳು ಕೂಗುತ್ತಿದ್ದವು.

"ನನ್ನ ಬೆರಳು ಇತ್ತಲ್ರೀ," ಎಂದಳು ಕೊನೆಗೆ. ದನಿ ತೀರಾ ಸಣ್ಣದಾಗಿತ್ತು. "ನಿಮ್ಮದು ಸತ್ತೈತೆ ಅಂತ ಗೊತ್ತಿತ್ತು. ಗೊತ್ತಿದ್ದೂ ಅದೇ ಬೆರಳು ಅದ್ದಿದ್ರಿ. ನನ್ನ ತಮ್ಮನ ಜೀವಕ್ಕಿಂತ ನಿಮ್ಮಪ್ಪನ ಪದ್ಧತಿ ದೊಡ್ಡದಾತಾ?"

ನಿಜ ಹೇಳಿದರೆ ಅವಳು ಉಳಿಯುತ್ತಿದ್ದಳು. ಉಳಿದು, ತಮ್ಮನನ್ನು ಕೊಂದವಳು ತಾನೇ ಎಂದು ಸಾಯುವ ತನಕ ಆ ಗುಡಿಸಿಲಿನಲ್ಲಿ ಕೂತಿರುತ್ತಿದ್ದಳು. ಅವನು ಬಾಯಿ ತೆರೆಯಲಿಲ್ಲ.

"ಮಾತಾಡ್ರಿ!"

"ಆತು. ನಂದೇ ತಪ್ಪು."

ಗಾದ್ರಮ್ಮ ಎದ್ದಳು. ತಂದಿದ್ದ ಗಂಜಿಯ ಮಡಕೆಯನ್ನು ಎತ್ತಿಕೊಂಡು ಹೋಗಿ ಹಟ್ಟಿಯವರು ಇಡುವ ಕಲ್ಲಿನ ಮೇಲೆಯೇ ಇಟ್ಟಳು. ಮರುದಿನ ತ್ಯಾವಣಿಗೆಯ ದಾರಿ ಹಿಡಿದಳು.

ಅದಾದ ಮೇಲೆ ಗೋಣೆಪ್ಪ ಎಂಟು ವರ್ಷ ಬದುಕಿದ. ಬದುಕಿದ ಎನ್ನುವುದು ನಮ್ಮ ಮಾತು. ಬೆರಳುಗಳು ಒಂದೊಂದಾಗಿ ಸವೆದವು, ಪಾದದ ಗಾಯ ಮಾಯಲಿಲ್ಲ. ಕೋವಿಗೆ ಲೈಸೆನ್ಸು ಪಡೆದ ಇಬ್ಬರು ಹಟ್ಟಿಗೆ ಮಾಂಸ ತರುತ್ತಿದ್ದರು, ಬಿಲ್ಲಿನ ನೆನಪು ಯಾರಿಗೂ ಬೇಕಾಗಿರಲಿಲ್ಲ. ಎಲ್ಲೋ ದೊಡ್ಡ ಯುದ್ಧ ನಡೆದಿದೆಯೆಂದೂ ಸೀಮೆಎಣ್ಣೆ ಸಿಗುವುದಿಲ್ಲವೆಂದೂ ಕಲ್ಲಿನ ಮೇಲೆ ಅನ್ನ ಇಡುವವರು ಕೂಗಿ ಹೇಳುತ್ತಿದ್ದರು. ಗೋಣೆಪ್ಪನ ಬಳಿ ದೀಪವೇ ಇರಲಿಲ್ಲ.

ವರ್ಷಕ್ಕೊಮ್ಮೆ ತ್ಯಾವಣಿಗೆಯ ಮಹೇಶ್ವರಪ್ಪ ಎಂಬ ವ್ಯಾಪಾರಿ ಶೇಂಗಾ ಕೊಳ್ಳಲು ಜಗಳೂರಿಗೆ ಗಾಡಿ ಹೊಡೆದುಕೊಂಡು ಬರುತ್ತಿದ್ದ. ಬಂಡೆಗಳ ಹತ್ತಿರ ಎತ್ತುಗಳಿಗೆ ನೀರು ಕುಡಿಸಲು ನಿಲ್ಲಿಸುತ್ತಿದ್ದ. ಮೆದು ಮನಸ್ಸಿನ ಮನುಷ್ಯ, ದೂರದಲ್ಲೇ ನಿಂತು ನಾಲ್ಕು ಮಾತಾಡುತ್ತಿದ್ದ. ಗೋಣೆಪ್ಪ ಅವನನ್ನು ಕೇಳುತ್ತಿದ್ದದ್ದು ಒಂದೇ ಮಾತು.

"ಸಾವ್ಕಾರ್ರೆ, ಇನ್ನೂ ನನ್ನ ಬೈತಾಳೇನ್ರೀ?"

"ಬೈತಾಳಪ್ಪ. ಯುಗಾದಿ ಬಂತು ಅಂದ್ರೆ ಬೀದಿಯಾಗೆ ನಿಂತು ಬೈತಾಳೆ. ಕೇಳಾಕೆ ಆಗಾಕಿಲ್ಲ."

ಅದನ್ನು ಕೇಳಿ ಗೋಣೆಪ್ಪನ ಮುಖ ಅರಳುವುದು ಯಾಕೆಂದು ಮಹೇಶ್ವರಪ್ಪನಿಗೆ ತಿಳಿಯುತ್ತಿರಲಿಲ್ಲ. ರೋಗ ತಲೆಗೂ ಏರಿರಬೇಕು ಎಂದುಕೊಳ್ಳುತ್ತಿದ್ದ. ಏಳು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಅವಳು ಬೈಯುತ್ತಿದ್ದಾಳೆ ಎಂದರೆ ಅವಳಿಗೆ ಗೊತ್ತಾಗಿಲ್ಲ. ಆ ಒಂದು ಮಾತಿನ ಮೇಲೆ ಗೋಣೆಪ್ಪ ಇನ್ನೊಂದು ವರ್ಷ ತಳ್ಳುತ್ತಿದ್ದ.

ನಲವತ್ತೈದನೆಯ ಇಸವಿಯ ಸುಗ್ಗಿಯಲ್ಲಿ ಗಾಡಿ ಬಂದಾಗ ಗೋಣೆಪ್ಪನಿಗೆ ಎದ್ದು ಕೂರಲು ಆಗುತ್ತಿರಲಿಲ್ಲ. ಬಾಗಿಲಿಗೆ ತೆವಳಿ ಬಂದು ಕೇಳಿದ. ಮಹೇಶ್ವರಪ್ಪ ಈ ಸಲ ನಕ್ಕ.

"ಬೈಯಾದು ಬಿಟ್ಟಾಳೆ ಕಣಪ್ಪಾ! ಕಾಲ ಬಂದ್ರೆ ಎಲ್ಲಾ ಸರಿಹೋಗ್ತದೆ ನೋಡು. ಗೌರಿಹಬ್ಬದಾಗೆ ನಿಮ್ಮ ಕಡೆ ಮುದುಕನೊಬ್ಬ, ಹಿಂದೆ ನಿಮ್ಮಪ್ಪನ ಹತ್ರ ಕೈಯಾಳಾಗಿದ್ದೋನು, ಅವರ ಮನೆಗೆ ಬಂದಿದ್ನಂತೆ. ಹಳೇ ಬೇಟೆ ಮಾತು, ಬಿಲ್ಲಿನ ಮಾತು. ಅಂಟಿಗೆ ಬೆರಳು ಅದ್ದಿ ಮೂರು ಹೆಸರು ಮುಗಿಯೋ ತನಕ ತಡೀಬೇಕು, ಎರಡಕ್ಕೇ ಬೆರಳು ಕಿತ್ತರೆ ನರ ಬೆಂದು ಹೋಗ್ತದೆ, ಅದು ಪೂಜೆ ಅಲ್ಲ, ಅಳತೆ ಅಂತ ಏನೇನೋ ಹೇಳಿದ್ನಂತೆ. ಅವತ್ತಿಂದ ಆಯಮ್ಮನ ಬಾಯಿಗೆ ಬೀಗ. ಒಬ್ಬರ ಜೊತೆಗೂ ಮಾತಿಲ್ಲ, ಊಟನೂ ಅಷ್ಟಕ್ಕಷ್ಟೆ. ನಿನ್ನ ಬೈಯಾದಂತೂ ಇಲ್ವೇ ಇಲ್ಲ."

ಗೋಣೆಪ್ಪ ತೆವಳಿಕೊಂಡು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮಹೇಶ್ವರಪ್ಪ, ಪಾಪ, ಕೊನೆಗಾದರೂ ಒಂದು ಒಳ್ಳೆಯ ಸುದ್ದಿ ಮುಟ್ಟಿಸಿದೆನಲ್ಲ ಎಂಬ ಸಮಾಧಾನದಿಂದ ಎತ್ತು ಹೂಡಿದ.